ಕಲೆ ಹೋಗತ್ತಾ ಸಿಸ್ಟರ್?

ಪ್ಲಾಸ್ಟಿಕ್ ಸರ್ಜರಿ ವಿಭಾಗದ ಡ್ರೆಸ್ಸಿಂಗ್ ರೂಮಿನಲ್ಲಿ ಹನ್ನೊಂದು ವರ್ಷ ಕಳೆದಿದ್ದೀನಿ. ಸುಟ್ಟ ಕೈ, ಸೀಳಿದ ತುಟಿ ಎಲ್ಲಾ ನೋಡಾಯ್ತು. ಬಾಗಿಲ ಚಿಲಕ ಹಾಕಿದ ಮೇಲೂ ಪಿಸುಪಿಸು ಮಾತಾಡೋರು ಮಾತ್ರ ಒಂದೇ ಗುಂಪು: ಇಂಪ್ಲಾಂಟ್, ಅಂದರೆ ಒಳಗಿಡೋ ಸಿಲಿಕಾನ್ ಚೀಲ, ಹಾಕಿಸಿ ಸ್ತನದ ಗಾತ್ರ ಹೆಚ್ಚಿಸಿಕೊಂಡವರು.

ಹೋದ ವರ್ಷ ಒಬ್ಬರು ಬಂದಿದ್ದರು. (ಬರೀರಿ ಅಂತ ಅವರೇ ಒಪ್ಪಿದ್ದಾರೆ. ಗುರುತು ಸಿಗೋ ಯಾವ ವಿವರವೂ ಇಲ್ಲಿಲ್ಲ.) ಮನೆಯಲ್ಲಿ ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಅತ್ತೆಗೆ ಪಿತ್ತಕೋಶದ ಕಲ್ಲು ತೆಗೆಸಿದ್ದು ಅಂದಿದ್ದಾರೆ. ಅತ್ತೆ ಪಾಪ, ಗಾಯ ನಂಜಾಗಬಾರದು ಅಂತ ಬದನೆಕಾಯಿ ಬಂದ್, ಮೊಟ್ಟೆ ಬಂದ್, ರಾತ್ರಿ ಅರಿಶಿನದ ಹಾಲು. ಬದನೆಕಾಯಿ ಬಿಟ್ಟರೆ ಗಂಟೇನೂ ಹೋಗಲ್ಲ. ಮೊಟ್ಟೆ ಬಿಡಿಸಿದ್ದು ತಪ್ಪು, ಗಾಯ ಮಾಗೋಕೆ ಪ್ರೋಟೀನ್ ಬೇಕೇ ಬೇಕು. ಏಳನೇ ದಿನ ಪ್ಲಾಸ್ಟರ್ ತೆಗೆದಾಗ ಕನ್ನಡಿ ಇಸ್ಕೊಂಡು ನೋಡಿದರು. ಎರಡೂ ಕಡೆ ಸ್ತನದ ಕೆಳಗಿನ ಮಡಿಕೆಯಲ್ಲಿ ನಾಲ್ಕು ಸೆಂಟಿಮೀಟರ್ ಗೆರೆ. "ಕಲೆ ಪೂರ್ತಿ ಹೋಗತ್ತಾ ಸಿಸ್ಟರ್?"

ಹೋಗಲ್ಲ ಅಂದೆ.

"ಮತ್ತೆ ರೀಲ್ಸ್‌ನಲ್ಲಿ ಕಲೆಯಿಲ್ಲದ ಸರ್ಜರಿ ಅಂತ ಹಾಕಿದ್ರಲ್ಲ?"

ಈ ಮಾತಿಗೆ ನನಗೆ ಮೈ ಉರಿಯತ್ತೆ. ಆಳವಾಗಿ ಕೊಯ್ದ ಚರ್ಮ ಕಲೆಯಾಗದೆ ಕೂಡಿಕೊಳ್ಳೋದಿಲ್ಲ. ಎಲ್ಲಿ ಕೊಯ್ದು ಎಲ್ಲಿ ಬಚ್ಚಿಡ್ತಾರೆ ಅನ್ನೋದಷ್ಟೇ ಲೆಕ್ಕ. ಕೆಳಮಡಿಕೆಯಲ್ಲಿ ಕೊಯ್ದರೆ ನೆರಳಲ್ಲಿ ಅಡಗತ್ತೆ, ಆದರೆ ನಮ್ಮ ರವಿಕೆಯ ಕೆಳಪಟ್ಟಿ, ಬ್ರಾ ತಂತಿ ಎರಡೂ ಉಜ್ಜೋದು ಅಲ್ಲೇ, ಬೆವರು ನಿಲ್ಲೋದೂ ಅಲ್ಲೇ. ತೊಟ್ಟಿನ ಸುತ್ತ ಕೊಯ್ದರೆ ಗೆರೆ ಬಣ್ಣದ ಅಂಚಿನಲ್ಲಿ ಸೇರಿಹೋಗತ್ತೆ ಅಂತಾರೆ, ನಮ್ಮಂಥ ಕಂದು ಮೈಯವರಲ್ಲಿ ಕೆಲವೊಮ್ಮೆ ಬಿಳಿ ದಾರದ ಹಾಗೆ ಎದ್ದು ಕಾಣತ್ತೆ. ಕಂಕುಳಲ್ಲಿ ಕೊಯ್ದರೆ ಎದೆ ಮೇಲೆ ಕಲೆಯೇ ಇಲ್ಲ, ನಿಜ. ಆದರೆ ಇಂಪ್ಲಾಂಟ್ ಜೀವಮಾನವಿಡೀ ಬಾಳೋ ವಸ್ತುವಲ್ಲ, ಮುಂದೆ ಬದಲಾಯಿಸಬೇಕಾದರೆ ಬಹಳ ಸಲ ಬೇರೆ ಕಡೆ ಹೊಸದಾಗಿ ಕೊಯ್ಯಬೇಕಾಗತ್ತೆ. ನನ್ನನ್ನ ಕೇಳಿದರೆ ಕೆಳಮಡಿಕೆಯೇ ವಾಸಿ.

ಕೊಯ್ಯೋ ಮುಂಚೆ ನಿಮ್ಮ ಎಡತೋಳು ನೋಡ್ಕೊಳ್ಳಿ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯ ಗುರುತು ಚಪ್ಪಟೆಯಾಗಿದೆಯಾ, ಉಬ್ಬಿ ಸುತ್ತಲೂ ಹರಡಿದೆಯಾ? ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಬಂದಿತ್ತಾ? ಹಾಗಿದ್ದರೆ ಕೀಲಾಯ್ಡ್ ಆಗೋ ಚರ್ಮ ಇರಬಹುದು, ಸರ್ಜನ್‌ಗೆ ಮೊದಲೇ ಹೇಳಿ. ಮಾಮೂಲಿ ಉಬ್ಬುಗಲೆ ಗಾಯದ ಗೆರೆ ದಾಟಲ್ಲ. ಕೀಲಾಯ್ಡ್ ಗೆರೆ ದಾಟಿ ಪಕ್ಕದ ಚರ್ಮಕ್ಕೂ ಹಬ್ಬತ್ತೆ.

ಇನ್ನು ಅವರ ಕಥೆ. ಹನ್ನೆರಡನೇ ದಿನ ಅತ್ತೆ ಅಂದರಂತೆ, "ಪಕ್ಕದ್ಮನೆಯವಳು ಇದೇ ಆಪರೇಷನ್ ಮಾಡಿಸ್ಕೊಂಡು ಹತ್ತೇ ದಿನಕ್ಕೆ ಎಲ್ಲಾ ಕೆಲಸ ಮಾಡ್ತಿದ್ಳಲ್ಲ." ಇವರು ಏನಂತ ಹೇಳ್ತಾರೆ? ಎದ್ದು ಕೈ ಮೇಲೆತ್ತಿ ತಂತಿಗೆ ಬಟ್ಟೆ ಹಾಕಿದರು, 20 ಲೀಟರಿನ ನೀರಿನ ಕ್ಯಾನ್ ಎತ್ತಿದರು. ಮೂರು ವಾರವಾದರೂ ಗಾಯಕ್ಕೆ ಮೊದಲಿನ ಚರ್ಮದ ಮೂರನೇ ಒಂದು ಪಾಲು ಗಟ್ಟಿತನವೂ ಬಂದಿರಲ್ಲ. ಮುಂದೆ ಎಷ್ಟೇ ವರ್ಷ ಹೋದರೂ 80 ಶೇಕಡಾದ ಆಸುಪಾಸಿಗೇ ನಿಲ್ಲತ್ತೆ. ಎಡಗಡೆಯ ಗೆರೆ ಒಂದು ತುದಿಯಲ್ಲಿ ಬಾಯಿಬಿಡ್ತು.

ನನಗೂ ಹೊಟ್ಟೆ ಮೇಲೆ ಸಿಸೇರಿಯನ್ ಗೆರೆ ಇದೆ. "ಹೊಲಿಗೆ ಒಣಗಿತಾ, ಭಾರ ಎತ್ತಬೇಡ" ಅಂತ ಬೀದಿಯವರೆಲ್ಲಾ ಕೇಳಿದ್ದರು. ಆ ಗಾಯಕ್ಕೆ ಊರೆಲ್ಲಾ ಕಾವಲಿತ್ತು. ಈಯಮ್ಮನ ಗಾಯಕ್ಕೆ ಇದ್ದಿದ್ದು ಇನ್ನೊಂದು ಆಪರೇಷನ್ನಿನ ಪಥ್ಯ.

ಎರಡು ಮೂರನೇ ತಿಂಗಳಲ್ಲಿ ಕಲೆ ಮೊದಲಿಗಿಂತ ಕೆಂಪಾಗಿ, ಗಟ್ಟಿಯಾಗಿ ತುರಿಸತ್ತೆ. ಅದು ಮಾಗೋ ಕ್ರಮವೇ, ಚಪ್ಪಟೆಯಾಗಿ ಬಣ್ಣ ಇಳಿಯೋಕೆ ಒಂದು ವರ್ಷ, ಒಂದೂವರೆ ವರ್ಷ ಬೇಕು. ಹೆಂಗಸರು ಹೆದರೋದು ಆಗಲೇ. ಯಾರನ್ನೂ ಕೇಳೋ ಹಾಗಿಲ್ಲ, ಮೆಡಿಕಲ್ ಶಾಪ್‌ನವನು ಕೊಟ್ಟ ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಿ ಚರ್ಮ ತೆಳ್ಳಗೆ ಮಾಡ್ಕೊಂಡು ಬರ್ತಾರೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕಾನ್ ಶೀಟ್ ಅಥವಾ ಜೆಲ್, ದಿನಕ್ಕೆ ಹನ್ನೆರಡು ಗಂಟೆಯಾದರೂ, ಎರಡು ಮೂರು ತಿಂಗಳು. ಅಷ್ಟೇ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚಬೇಡಿ, ಕೆಲವರಿಗೆ ಅದರಿಂದಲೇ ಅಲರ್ಜಿ. ಜ್ವರ, ಕೀವು, ಒಂದೇ ಕಡೆ ಊತ, ಬಿಸಿ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಒಳಗೂ ಸಿಲಿಕಾನ್, ಹೊರಗೂ ಸಿಲಿಕಾನ್ ಅಂತ ಅವರು ನಕ್ಕಿದ್ದರು. ಒಳಗೂ ಕಲೆ ಇರತ್ತೆ ಅಂದೆ. ಇಂಪ್ಲಾಂಟ್ ಸುತ್ತ ಮೈ ತಾನೇ ಒಂದು ಪೊರೆ ಕಟ್ಟತ್ತೆ, ಅದೂ ಕಲೆಯೇ. ಕೆಲವರಿಗೆ ಅದು ಬಿಗಿದು ಸ್ತನ ಕಲ್ಲಿನ ಹಾಗಾಗತ್ತೆ, ಮತ್ತೆ ಆಪರೇಷನ್ ಬೇಕಾಗತ್ತೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕ್ರೋನಿನ್, ಗೆರೋ ಅನ್ನೋ ಸರ್ಜನ್‌ಗಳು ಮೊದಲ ಸಿಲಿಕಾನ್ ಇಂಪ್ಲಾಂಟ್ ಹಾಕಿದ್ದು ಟಿಮ್ಮಿ ಜೀನ್ ಲಿಂಡ್ಸೆಗೆ. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ಅಳಿಸಿಕೊಳ್ಳೋಕೆ!

ಹನ್ನೊಂದನೇ ತಿಂಗಳಲ್ಲಿ ಮತ್ತೆ ಬಂದಿದ್ದರು. ಬಲಗಡೆ ಹುಣಸೆನಾರಿನಷ್ಟು ಸಣ್ಣ ಗೆರೆ. ಎಡಗಡೆ ಬಾಯಿಬಿಟ್ಟಿದ್ದ ತುದಿಯಲ್ಲಿ ಒಂದು ಅಕ್ಕಿಕಾಳಿನ ಅಗಲ. ಅತ್ತೆಗೆ ಹೇಳಿದ್ರಾ ಅಂದೆ.

"ಇಲ್ಲ ಸಿಸ್ಟರ್. ಎಣ್ಣೆಗಾಯಿ ಮಾಡಿದ ದಿನ ಈಗಲೂ ನನಗೊಬ್ಬಳಿಗೆ ಬೇರೆ ಪಲ್ಯ."