ರಾಗಿಯ ತವರಿಗೆ ಆರು ಕಿಲೋ ರಾಗಿ ಹಿಟ್ಟು

ಮಿಷನರಿಗಳ ಚರಿತ್ರೆಯನ್ನು ನಾನು ತಕ್ಕಮಟ್ಟಿಗೆ ಓದಿಕೊಂಡಿದ್ದೇನೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದದ್ದು, ಕಿಟೆಲ್ ಅವರು 1853ರಲ್ಲಿ ಬಂದು ಕನ್ನಡದೊಂದಿಗೆ ದಶಕಗಟ್ಟಲೆ ಹೆಣಗಿ 1894ರಲ್ಲಿ ನಿಘಂಟನ್ನು ಹೊರತಂದದ್ದು, ಇವೆಲ್ಲ ನನಗೆ ಬಾಯಿಪಾಠ. ಆದರೆ ಕಿಟೆಲ್ ಅವರ ತಂದೆತಾಯಿಗಳು ‘ಹುಡುಗ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೋ ಇಲ್ಲವೋ, ಒಮ್ಮೆ ನೋಡಿಕೊಂಡು ಬರೋಣ’ ಎಂದು ಡಬ್ಬಿಗಳನ್ನು ಕಟ್ಟಿಕೊಂಡು ಜರ್ಮನಿಯಿಂದ ಹಡಗು ಹತ್ತಿದರೆಂಬ ಮಾತು ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಲ್ಲ. ಹಾಗೇನಾದರೂ ಬಂದಿದ್ದರೆ ನಿಘಂಟು ಇನ್ನೂ ಹತ್ತು ವರ್ಷ ತಡವಾಗುತ್ತಿತ್ತು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ನಮ್ಮ ಮಗಳು ತಾಂಜಾನಿಯಾದಲ್ಲಿ, ಕಿಲಿಮಂಜಾರೋ ಬೆಟ್ಟದ ತಪ್ಪಲಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ವೈದ್ಯೆ. ಎರಡು ವರ್ಷಕ್ಕೆಂದು ಹೋದವಳು ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಾಗ ತುಮಕೂರಿನ ನಮ್ಮ ಮನೆಯಲ್ಲಿ ತುರ್ತು ಸಭೆ ಸೇರಿತು. ಸದಸ್ಯರು ಇಬ್ಬರೇ: ಮೂವತ್ತೆರಡು ವರ್ಷ ಗಣಿತ ಪಾಠ ಹೇಳಿ ನಿವೃತ್ತನಾದ ನಾನು, ನಮ್ಮ ಕ್ರೈಸ್ತ ಸಭೆಯ ಸ್ತ್ರೀ ಸಂಘದಲ್ಲಿ ಬಹುಕಾಲ ಕಾರ್ಯದರ್ಶಿಯಾಗಿದ್ದು ಪಾನನಿರೋಧದ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡಿ ಬಂದ ನನ್ನಾಕೆ. ಮಗಳು ವೀಡಿಯೊ ಕರೆಯಲ್ಲಿ ಸಣ್ಣಗೆ ಕಾಣುತ್ತಿದ್ದಾಳೆಂದೂ, ಅದಕ್ಕೆ ರಾಗಿಯ ಅಭಾವವೇ ಕಾರಣವೆಂದೂ ಸರ್ವಾನುಮತದಿಂದ ತೀರ್ಮಾನವಾಯಿತು. ನನ್ನಾಕೆ ಆರು ಕಿಲೋ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹುರಿದು, ಗಿರಣಿಯ ಮುಂದೆ ತಾನೇ ನಿಂತು ಹಿಟ್ಟು ಮಾಡಿಸಿಕೊಂಡು ಬಂದಳು. ಆಫ್ರಿಕಾ ಎಂದರೆ ಬಿಸಿಲೆಂದು ನಾವು ಸ್ವೆಟರುಗಳನ್ನು ತೆಗೆದಿಟ್ಟು, ಆ ಜಾಗಕ್ಕೂ ಹಿಟ್ಟನ್ನೇ ತುಂಬಿದೆವು.

ಅಡಿಸ್ ಅಬಾಬಾದಲ್ಲಿ ವಿಮಾನ ಬದಲಾಯಿಸಿ ಕಿಲಿಮಂಜಾರೋ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಅಧಿಕಾರಿಣಿ ನಮ್ಮ ಪೆಟ್ಟಿಗೆಯನ್ನು ತೆರೆಸಿ ಹಿಟ್ಟಿನ ಪೊಟ್ಟಣಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ನಾನು ಇಂಗ್ಲಿಷಿನಲ್ಲಿ ಇದೊಂದು ವಿಶೇಷ ಪೌಷ್ಟಿಕ ಧಾನ್ಯವೆಂದೂ, ಭಾರತದ ದಕ್ಷಿಣ ಭಾಗದಲ್ಲಿ ಬೆಳೆಯುತ್ತದೆಂದೂ ವಿವರಿಸಲು ಆರಂಭಿಸಿದೆ. ಆಕೆ ಒಂದು ಚಿಟಿಕೆ ಹಿಟ್ಟನ್ನು ಮೂಸಿ ನೋಡಿ, ‘ಉಲೆಜಿ!’ ಎಂದು ಪಕ್ಕದವರಿಗೆ ತೋರಿಸಿದರು. ಪಕ್ಕದವರು ಇನ್ನೊಬ್ಬರನ್ನು ಕರೆದರು. ಮೂವರೂ ಹಿಟ್ಟನ್ನು ನೋಡಿ, ನಮ್ಮ ನರೆತ ತಲೆಗಳನ್ನು ನೋಡಿ, ಪರಸ್ಪರ ಮುಖ ನೋಡಿಕೊಂಡು ನಕ್ಕು ಬಿಟ್ಟುಬಿಟ್ಟರು. ಆ ನಗುವಿನ ಅರ್ಧ ಕಾರಣ ಕಾರಿನಲ್ಲಿ ತಿಳಿಯಿತು. ‘ಅಪ್ಪಾ, ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ. ನಮ್ಮ ಕಡೆಗೆ ಬಂದದ್ದು ಆಮೇಲೆ, ಸಾವಿರಾರು ವರ್ಷಗಳ ಹಿಂದೆ. ಇಲ್ಲಿ ಉಲೆಜಿ ಅಂತ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ನಾನು ದಿನಾ ಬೆಳಿಗ್ಗೆ ಉಜಿ ಅಂತ ಅದರ ಗಂಜಿಯನ್ನೇ ಕುಡಿಯೋದು’ ಎಂದಳು ಮಗಳು. ನನ್ನಾಕೆ ಕಿಟಕಿಯ ಹೊರಗೆ ನೋಡುತ್ತಾ, ‘ಇಲ್ಲಿಯದು ನಮ್ಮ ರಾಗಿಯಷ್ಟು ಕೆಂಪಗೆ ಇರಲಾರದು’ ಎಂದಳು. ಆ ವಿಷಯದಲ್ಲಿ ಅವಳ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ನಗುವಿನ ಇನ್ನರ್ಧ ಕಾರಣ ತಿಳಿಯಲು ಹನ್ನೆರಡು ದಿನ ಬೇಕಾಯಿತು.

ಜುಲೈ ಅಲ್ಲಿ ಚಳಿಗಾಲ. ಮೊದಲ ರಾತ್ರಿಯೇ ನಾವಿಬ್ಬರೂ ಮಗಳ ಮನೆಯ ಮೇಜಿನ ಬಟ್ಟೆಯನ್ನೂ ಸೇರಿಸಿ ಹೊದ್ದುಕೊಂಡೆವು. ಮರುದಿನ ಸಂತೆಯಲ್ಲಿ ‘ಮಿತುಂಬಾ’ ಎಂದು ಕರೆಯುವ, ಹೊರದೇಶಗಳಿಂದ ಮೂಟೆಗಟ್ಟಲೆ ಬರುವ ಹಳೆಯ ಬಟ್ಟೆಗಳ ರಾಶಿಯಿಂದ ನನಗೊಂದು ದಪ್ಪ ಕೋಟನ್ನು ಆರಿಸಲಾಯಿತು. ಅದರ ಬೆನ್ನ ಮೇಲೆ ಯಾವುದೋ ದೇಶದ ಯಾವುದೋ ಬಾಲಕಿಯರ ವಾಲಿಬಾಲ್ ತಂಡದ ಹೆಸರಿತ್ತು. ಮೂರು ವಾರ ನಾನು ಆ ತಂಡದ ಪರವಾಗಿ ಓಡಾಡಿದೆ. ಬೆಟ್ಟದ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. 5,895 ಮೀಟರ್ ಎತ್ತರದ ಆ ಬೆಟ್ಟವು ಮೋಡ ಸರಿಸಿ ಮುಖ ತೋರಿಸಿದ್ದು ನಾಲ್ಕೇ ಬಾರಿ, ಮತ್ತು ಅದರಲ್ಲಿ ಮೂರು ಬಾರಿ ನಾನು ಸ್ನಾನದ ಮನೆಯಲ್ಲಿದ್ದೆ.

ಊರಿನಲ್ಲಿ ನಾನು ‘ಮೇಷ್ಟ್ರು’. ಅಲ್ಲಿ ಇಳಿದ ಕ್ಷಣದಿಂದ ‘ಬಾಬಾ ಡಾಕ್ತಾರಿ’, ಎಂದರೆ ಡಾಕ್ಟರ ಅಪ್ಪ. ನನ್ನಾಕೆ ‘ಮಾಮಾ ಡಾಕ್ತಾರಿ’. ನಮ್ಮಿಬ್ಬರ ಹೆಸರನ್ನು ಯಾರೂ ಕೇಳಲೂ ಇಲ್ಲ, ಹೇಳಿದರೆ ನೆನಪಿಟ್ಟುಕೊಳ್ಳಲೂ ಇಲ್ಲ. ಮಕ್ಕಳ ಹೆಸರಿನಿಂದ ತಂದೆತಾಯಿಯನ್ನು ಕರೆಯುವುದು ಅಲ್ಲಿನ ಗೌರವದ ಕ್ರಮ. ಆ ಗೌರವಕ್ಕೆ ತಕ್ಕಂತೆ ನಡೆಯಬೇಕೆಂದು ನಾನು ಒಂದು ಪುಟ್ಟ ಪುಸ್ತಕದಲ್ಲಿ ಸ್ವಾಹಿಲಿ ಪದಗಳನ್ನು ಬರೆದುಕೊಳ್ಳತೊಡಗಿದೆ. ಭಾಷೆ ಕಷ್ಟವೆನಿಸಲಿಲ್ಲ. ಸಾಬೂನಿಗೆ ಸಾಬುನಿ, ಅಂಗಡಿಗೆ ದುಕಾ, ಔಷಧಿಗೆ ದವಾ, ಲೆಕ್ಕಕ್ಕೆ ಹಿಸಾಬು ಎನ್ನುವ ಜನರೊಂದಿಗೆ ದವಾಖಾನೆಯ ಹಿಸಾಬು ಕೇಳಿ ಬೆಳೆದವನಿಗೆ ಅಂಜಿಕೆ ಏಕೆ? ಅಂಕಿಗಳನ್ನಂತೂ ಒಂದೇ ಸಂಜೆಯಲ್ಲಿ ಕಲಿತೆ. ಅಂಕಿಗಳೇ ನನ್ನನ್ನು ಕೆಡಿಸಿದವು.

ಅಲ್ಲಿನ ಚರ್ಚಿನ ಸಭಾಪಾಲಕರು ಗುರುವಾರ ‘ಸಾ ಕುಮಿ’ಗೆ ಚಹಾಕ್ಕೆ ಬನ್ನಿ ಎಂದು ಆಹ್ವಾನಿಸಿದರು. ಸಾ ಎಂದರೆ ಗಂಟೆ, ಕುಮಿ ಎಂದರೆ ಹತ್ತು. ಮಗಳು ಆಸ್ಪತ್ರೆಗೆ ಹೋಗಿದ್ದಳು. ನಾನು ಜೀವಮಾನದಲ್ಲಿ ಎಲ್ಲಿಗೂ ತಡವಾಗಿ ಹೋದವನಲ್ಲ, ಆದ್ದರಿಂದ ಹತ್ತಕ್ಕೆ ಐದು ನಿಮಿಷವಿರುವಾಗಲೇ ಬಾಳೆ ಮತ್ತು ಕಾಫಿ ಗಿಡಗಳ ನಡುವಿನ ಆ ಮನೆಯ ಬಾಗಿಲು ತಟ್ಟಿದೆವು. ಸಭಾಪಾಲಕರು ಮನೆಯಲ್ಲಿರಲಿಲ್ಲ. ಅವರ ಪತ್ನಿ ಕೈಗೆ ಹತ್ತಿದ್ದ ಸಾಬೂನಿನ ನೊರೆಯನ್ನು ಲಂಗಕ್ಕೆ ಒರೆಸಿಕೊಂಡು, ಒಂದು ಗಳಿಗೆ ನಮ್ಮನ್ನು ದಿಟ್ಟಿಸಿ, ‘ಕರಿಬು, ಕರಿಬು’ ಎಂದು ಒಳಗೆ ಕರೆದು ಕೂರಿಸಿದರು. ಚಹಾ ಬಂತು. ಚಹಾ ಮುಗಿದರೂ ನಾವು ಏಳಲಿಲ್ಲ, ಏಕೆಂದರೆ ಆತಿಥೇಯರು ಬರುವ ಮುನ್ನ ಎದ್ದು ಹೋಗುವುದು ಶಿಷ್ಟಾಚಾರವಲ್ಲ. ಆಕೆಯೂ ಹೋಗಿ ಎನ್ನಲಿಲ್ಲ, ಏಕೆಂದರೆ ಅತಿಥಿಗಳಿಗೆ ಹಾಗೆನ್ನುವುದು ಅಲ್ಲಿಯೂ ಶಿಷ್ಟಾಚಾರವಲ್ಲ. ಹಿತ್ತಲಿನಲ್ಲಿ ಕೋಳಿಯೊಂದು ಕೂಗಿ ಸುಮ್ಮನಾಯಿತು. ಒಂದು ಗಂಟೆಯ ಹೊತ್ತಿಗೆ ಬಾಳೆಕಾಯಿ ಹಾಕಿ ಬೇಯಿಸಿದ ಕೋಳಿಯ ಊಟವಾಯಿತು. ನನ್ನಾಕೆ ಅಷ್ಟರಲ್ಲಿ ಅಡುಗೆಮನೆ ಸೇರಿ, ಒಂದೂ ಪದದ ಸಹಾಯವಿಲ್ಲದೆ ಆಕೆಯೊಂದಿಗೆ ಮಾತನಾಡುತ್ತಿದ್ದಳು. ನಾನು ಪದಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕ್ಯಾಲೆಂಡರನ್ನು ಡಿಸೆಂಬರಿನವರೆಗೂ ಓದಿದೆ. ನಾಲ್ಕು ಗಂಟೆಗೆ ಸಭಾಪಾಲಕರು ಬಂದು, ‘ಆಹಾ, ಎಷ್ಟು ಸರಿಯಾಗಿ ಬಂದಿದ್ದೀರಿ!’ ಎಂದು ನನ್ನ ಕೈ ಕುಲುಕಿದರು.

ಸಮಭಾಜಕಕ್ಕೆ ಹತ್ತಿರವಾದ ಆ ನಾಡಿನಲ್ಲಿ ವರ್ಷವಿಡೀ ಆರರ ಸುಮಾರಿಗೇ ಸೂರ್ಯೋದಯ, ಆದ್ದರಿಂದ ಗಂಟೆಗಳ ಎಣಿಕೆ ಅಲ್ಲಿಂದಲೇ ಆರಂಭ. ನಮ್ಮ ಏಳು ಗಂಟೆ ಅವರಿಗೆ ಒಂದು. ನಮ್ಮ ಸಂಜೆಯ ನಾಲ್ಕು ಅವರಿಗೆ ಹತ್ತು. ಇದು ಹೊಸತೇನಲ್ಲ. ನಮ್ಮ ಅಜ್ಜಂದಿರ ಗಳಿಗೆಯ ಲೆಕ್ಕ ಸೂರ್ಯೋದಯದಿಂದಲೇ ಇತ್ತು, ಬೈಬಲ್ಲಿನ ಕಾಲದ ಮೂರನೆಯ ತಾಸು, ಆರನೆಯ ತಾಸುಗಳೂ ಹಾಗೆಯೇ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯವನ್ನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವಾಗ ಹನ್ನೊಂದನೆಯ ತಾಸೆಂದರೆ ಸಂಜೆ ಐದು ಗಂಟೆ ಎಂದು ಕರಿಹಲಗೆಯ ಮೇಲೆ ಕಳೆದು ಕೂಡಿ ತೋರಿಸಿದವನು ನಾನೇ. ಕರಿಹಲಗೆಯಿಂದ ಕೈಗಡಿಯಾರಕ್ಕೆ ಬರುವಷ್ಟರಲ್ಲಿ ಆ ಜ್ಞಾನ ಎಲ್ಲಿ ಸೋರಿಹೋಯಿತೋ ತಿಳಿಯದು.

ಭಾನುವಾರ ಆರಾಧನೆಯ ನಡುವೆ ಅತಿಥಿಗಳು ಎದ್ದು ವಂದನೆ ತಿಳಿಸಬೇಕೆಂಬುದು ಅಲ್ಲಿನ ಪದ್ಧತಿ. ಮಗಳು ಇಂಗ್ಲಿಷಿನಲ್ಲಿ ಎರಡು ಮಾತು ಸಾಕೆಂದಳು. ನಾನು ಒಪ್ಪಲಿಲ್ಲ. ಸ್ವಾಹಿಲಿಯಲ್ಲಿ ‘ಕಾಕಾ’ ಎಂದರೆ ಸಹೋದರ, ‘ದಾದಾ’ ಎಂದರೆ ಸಹೋದರಿ. ಹುಬ್ಬಳ್ಳಿಯ ಕಾಕಾನನ್ನೂ ಮುಂಬಯಿಯ ದಾದಾನನ್ನೂ ಮನಸ್ಸಿನಿಂದ ಹೊರದೂಡಲು ಎರಡು ರಾತ್ರಿ ಅಭ್ಯಾಸ ಮಾಡಿದ್ದೆ. ಐನೂರು ಜನ ತುಂಬಿದ್ದ ಆ ದೇವಾಲಯದಲ್ಲಿ ವಾಲಿಬಾಲ್ ಕೋಟಿನ ಗುಂಡಿಗಳನ್ನು ಸರಿಪಡಿಸಿಕೊಂಡು ಎದ್ದು ನಿಂತು, ಗಟ್ಟಿಯಾದ ಶಾಲೆಯ ಧ್ವನಿಯಲ್ಲಿ, ‘ಕುಕು ನಾ ದಾದಾ...’ ಎಂದು ಆರಂಭಿಸಿದೆ. ಹಿಂದಿನ ಬೆಂಚಿನಿಂದ ಹೊರಟ ನಗು ಗಾಯನವೃಂದವನ್ನು ದಾಟಿ ಸಭಾಪಾಲಕರ ಮುಖವನ್ನು ತಲುಪುವವರೆಗೂ ನಾನು ಮುಂದುವರಿಸುತ್ತಲೇ ಇದ್ದೆ. ಮಗಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು, ಅದನ್ನು ನಾನು ಪ್ರಾರ್ಥನೆ ಎಂದುಕೊಂಡೆ. ಕುಕು ಎಂದರೆ ಕೋಳಿ.

ಅಲ್ಲಿಗೆ ಮುಗಿಯಲಿಲ್ಲ. ಕಾಣಿಕೆಯಾಗಿ ಬಂದ ಬಾಳೆಗೊನೆ, ಮೊಟ್ಟೆ, ಕೋಳಿಗಳನ್ನು ಆರಾಧನೆ ಮುಗಿದೊಡನೆ ಹೊರಗೆ ಹರಾಜು ಹಾಕುತ್ತಾರೆ. ನಮ್ಮ ಸಭೆಗಳಲ್ಲಿ ಸುಗ್ಗಿ ಹಬ್ಬಕ್ಕೆ ವರ್ಷಕ್ಕೊಮ್ಮೆ ನಡೆಯುವುದು ಅಲ್ಲಿ ವಾರವಾರವೂ ಇರುತ್ತದೆಂದು ತಿಳಿಯದ ನನ್ನಾಕೆ, ಬಾಳೆಗೊನೆಯನ್ನು ಎತ್ತಿ ಹಿಡಿದು ಕೂಗುತ್ತಿದ್ದವನನ್ನು ವ್ಯಾಪಾರಿಯೆಂದೇ ಭಾವಿಸಿದಳು. ಅವಳಿಗೆ ಬರುತ್ತಿದ್ದ ಸ್ವಾಹಿಲಿ ಮೂರೇ ಪದ, ಸಂತೆಯಲ್ಲಿ ಕಲಿತದ್ದು: ‘ಘಾಲಿ ಸಾನಾ’ ಎಂದರೆ ಬಹಳ ದುಬಾರಿ, ‘ಪುಂಗೂಜಾ’ ಎಂದರೆ ಕಡಿಮೆ ಮಾಡು. ಆತ 5,000 ಶಿಲಿಂಗ್ ಎಂದ. ಒಂದು ರೂಪಾಯಿಗೆ ಸುಮಾರು 30 ಶಿಲಿಂಗ್ ಎಂದಿಟ್ಟುಕೊಂಡರೆ ಅದು ನೂರ ಅರವತ್ತೈದು ರೂಪಾಯಿಯ ಆಸುಪಾಸು. ಯಾರೋ 6,000 ಎಂದರು. ನನ್ನಾಕೆ ಮುಂದೆ ಬಂದು, ‘ಪುಂಗೂಜಾ!’ ಎಂದಳು. ಇನ್ನಾರೋ 7,000 ಎಂದರು. ಬೆಲೆ ಇಳಿಸು ಎಂದರೆ ಏರಿಸುವ ಇಂಥ ನಿರ್ಲಜ್ಜ ವ್ಯಾಪಾರಿಯನ್ನು ತುಮಕೂರಿನ ಸಂತೆಯಲ್ಲಿ ಎಂದೂ ಕಂಡಿರದ ಅವಳು, ಆ ಗೊನೆಯ ಕೆಳಗಿನ ಎರಡು ಚಿಪ್ಪು ಕೊಳೆತಿರುವುದನ್ನು ಜನರಿಗೆಲ್ಲ ತೋರಿಸಿ, ದೇವರ ಕಾಣಿಕೆಯ ಬೆಲೆಯನ್ನು 3,000ಕ್ಕೆ ಇಳಿಸಲು ಶಕ್ತಿಮೀರಿ ಹೋರಾಡಿದಳು. ಕಡೆಗೆ ಒಬ್ಬ ಹಿರಿಯರು 10,000ಕ್ಕೆ ಕೊಂಡು ಅವಳ ಕೈಗೇ ಇತ್ತರು. ಇನ್ನೊಬ್ಬರು ಒಂದು ಕಂದು ಕೋಳಿಮರಿಯನ್ನು ಹರಾಜಿನಲ್ಲಿ ಹಿಡಿದು, ಕಾಲು ಕಟ್ಟಿ ನನ್ನ ತೋಳಿಗೆ ಇಟ್ಟು, ‘ಬಾಬಾ, ನೀವು ಎಲ್ಲರಿಗಿಂತ ಮೊದಲು ವಂದಿಸಿದ್ದು ಇವನನ್ನೇ’ ಎಂದರು. ಊರ ಮಕ್ಕಳು ಅದಕ್ಕೆ ‘ಕಾಕಾ’ ಎಂದೇ ಹೆಸರಿಟ್ಟರು.

ಇಷ್ಟರ ನಡುವೆ ಮಗಳ ಊಟದ ಉಸ್ತುವಾರಿ ನಡೆಯಲೇ ಇಲ್ಲ. ರಾತ್ರಿ ಹೆರಿಗೆಯ ಕರೆ ಬಂದರೆ ಟಾರ್ಚ್ ಹಿಡಿದು ಹೊರಡುತ್ತಿದ್ದಳು. ಒಮ್ಮೆ ಕಾವಲಿಗೆಂದು ನಾನೂ ಜೊತೆಗೆ ಹೊರಟು, ಕೆಮ್ಮಣ್ಣಿನಲ್ಲಿ ಜಾರಿ ಬಿದ್ದು, ಆಸ್ಪತ್ರೆಯಲ್ಲಿ ತಾಯಿ ಮಗುವಿಗಿಂತ ಮೊದಲು ನನ್ನ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡೆ. ಅಂದಿನಿಂದ ರಾತ್ರಿಯ ಕರೆ ಬಂದಾಗ ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ನನಗೆ ಎಚ್ಚರವಾಗದಂತೆ ಹೊರಡುವುದನ್ನು ಕಲಿತಳು. ನಾನು ಎಚ್ಚರವಾಗಿಯೇ ಮಲಗಿರುತ್ತಿದ್ದೆ.

ಹನ್ನೆರಡನೆಯ ದಿನ ನೆರೆಮನೆಯಲ್ಲಿ ಮದುವೆಯ ಸಿದ್ಧತೆ. ಆ ಮನೆಯಾಕೆ ಹಿಂದಿನ ದಿನ ಬಂದು ನಮ್ಮ ರಾಗಿ ಹಿಟ್ಟನ್ನು ಮುಟ್ಟಿ, ಮೂಸಿ, ಮೊಳಕೆಯದೆಂದು ತಿಳಿದು ಬಹಳ ಮೆಚ್ಚಿದ್ದರು. ತನ್ನ ರಾಗಿಗೆ ಕಡೆಗೂ ಮನ್ನಣೆ ಸಿಕ್ಕಿತೆಂದು ಹಿಗ್ಗಿದ ನನ್ನಾಕೆ ಎರಡು ಕಿಲೋ ಅಳೆದುಕೊಟ್ಟಿದ್ದಳು. ಬೆಳಿಗ್ಗೆ ನಾನು ಶುಭ ಕೋರಲು ಹೋದಾಗ ಹಿರಿಯರೊಬ್ಬರು ಸೋರೆಬುರುಡೆಯ ದೊಡ್ಡ ಪಾತ್ರೆಯೊಂದನ್ನು ಮೊದಲು ನನಗೇ ನೀಡಿದರು. ಏನೆಂದು ಕೇಳಿದೆ. ಬಾಳೆಹಣ್ಣು ಮತ್ತು ಉಲೆಜಿ ಎಂದರು. ಮಂದವಾಗಿ, ಕಂದಾಗಿ, ಮೇಲೆ ತರಿತರಿಯಾಗಿ ತೇಲುತ್ತಿದ್ದ ಆ ಪದಾರ್ಥ ಥೇಟ್ ನಮ್ಮ ರಾಗಿ ಅಂಬಲಿ. ಹುಳಿ ಹದವಾಗಿತ್ತು, ಹಿಂದೊಂದು ಸಣ್ಣ ಕಹಿ ಇತ್ತು, ಅದನ್ನು ನಾನು ಮೆಂತ್ಯದ್ದೆಂದು ಊಹಿಸಿದೆ. ಬಾಲ್ಯದಲ್ಲಿ ಹೊಲದ ಬದುವಿನ ಮೇಲೆ ಅಜ್ಜಿ ಕೊಡುತ್ತಿದ್ದ ಅಂಬಲಿ ನೆನಪಾಗಿ ಎರಡನೆಯ ಪಾತ್ರೆಯನ್ನು ಕೇಳಿ ಕುಡಿದೆ. ಮೂರನೆಯದನ್ನು ಕೇಳಬೇಕಾಗಲಿಲ್ಲ.

ಮುಂದಿನದು ನನಗೆ ನೆನಪಿರುವುದು ತುಣುಕು ತುಣುಕಾಗಿ. ಬಾಳೆಯ ಬುಡದಲ್ಲಿ ಕುಳಿತು ನಾನು ಆ ಹಿರಿಯರಿಗೆ ಹತ್ತೊಂಬತ್ತರ ಮಗ್ಗಿಯನ್ನು ಕನ್ನಡದಲ್ಲಿ ಹೇಳುತ್ತಿದ್ದೆನಂತೆ, ಅದನ್ನು ಕೀರ್ತನೆಯೆಂದು ತಿಳಿದ ಅವರು ಪ್ರತಿ ಸಾಲಿಗೂ ‘ಆಮೆನ್’ ಎನ್ನುತ್ತಿದ್ದರಂತೆ. ಮಗಳು ಬಿ.ಪಿ. ನೋಡುವ ಯಂತ್ರದೊಂದಿಗೆ ಓಡಿಬಂದು, ನನ್ನ ಮುಖದ ಹತ್ತಿರ ಬಗ್ಗಿ, ಯಂತ್ರವನ್ನು ಚೀಲಕ್ಕೆ ವಾಪಸು ಹಾಕಿದಳು. ‘ಅಮ್ಮಾ, ಅಪ್ಪ ಮ್ಬೆಗೆ ಕುಡಿದಿದ್ದಾರೆ’ ಎಂದಳು. ಬಾಳೆಹಣ್ಣನ್ನು ಬೇಯಿಸಿ ದಿನಗಟ್ಟಲೆ ಹುಳಿಯಲು ಬಿಟ್ಟು, ಅದಕ್ಕೆ ಮೊಳಕೆ ರಾಗಿಯ ಹಿಟ್ಟಿನ ಗಂಜಿಯನ್ನೂ ಕಹಿಗೆ ಒಂದು ಮರದ ತೊಗಟೆಯನ್ನೂ ಸೇರಿಸಿ ಆ ತಪ್ಪಲಿನ ಚಾಗಾ ಜನರು ಮದುವೆ ಮುಂಜಿಗಳಿಗೆಲ್ಲ ಮಾಡುವ ಹೆಂಡ ಅದು. ವಿಮಾನ ನಿಲ್ದಾಣದ ಅಧಿಕಾರಿಣಿಗೆ ಮೂಸಿದೊಡನೆ ತಿಳಿದದ್ದು ಇದೇ: ಭಾರತದ ಮುದುಕ ಮುದುಕಿ ಹೆಂಡದ ಮೂಲದ್ರವ್ಯವನ್ನು ಆರು ಕಿಲೋ ಹೊತ್ತು ತಂದಿದ್ದಾರೆ.

‘ಮೊಳಕೆ ಹಿಟ್ಟು ಎಲ್ಲಿಂದ ಸಿಕ್ಕಿತು ಇವರಿಗೆ ಇಷ್ಟು ಒಳ್ಳೆಯದು?’ ಎಂದು ಮಗಳು ಕೇಳಿದಾಗ ಪಾನನಿರೋಧದ ಮಾಜಿ ಭಾಷಣಕಾರ್ತಿಯ ಮುಖ ನೋಡುವಂತಿತ್ತು. ಆದರೆ ಅವಳು ಸುಲಭಕ್ಕೆ ಸೋಲುವವಳಲ್ಲ. ಕೈಗಡಿಯಾರ ನೋಡಿದಳು. ಒಂಬತ್ತೂ ಕಾಲು. ‘ಅಪೊಸ್ತಲರ ಕೃತ್ಯಗಳು, ಎರಡನೆಯ ಅಧ್ಯಾಯ’ ಎಂದು ಬೈಬಲ್ಲನ್ನೇ ಎತ್ತಿದಳು. ‘ಇವರು ಕುಡಿದವರಲ್ಲ, ಈಗಿನ್ನೂ ಮೂರನೆಯ ತಾಸು ಅಂತ ಪೇತ್ರನೇ ಹೇಳಿಲ್ಲವೇ? ಏಳಿ ರೀ, ಮನೆಗೆ ಹೋಗೋಣ.’

ಸಂಜೆಯವರೆಗೂ ಮಲಗಿದ್ದೆ. ಮದುವೆಗೆ ಬಂದವರೆಲ್ಲ ಈ ಸಲದ ಮ್ಬೆಗೆ ಅಪೂರ್ವವಾಗಿದೆಯೆಂದು ಹೊಗಳಿದರಂತೆ. ನನ್ನಾಕೆ ಅದಕ್ಕೆ ಏನೂ ಹೇಳಲಿಲ್ಲ, ಆದರೆ ನಮ್ಮ ರಾಗಿ ಕೆಂಪಗಿರುತ್ತದೆಂಬ ಹಳೆಯ ಮಾತನ್ನು ಆ ರಾತ್ರಿ ಊಟದ ಹೊತ್ತಿಗೆ ಇನ್ನೊಮ್ಮೆ ಹೇಳಿದಳು.

ನಾವು ತುಮಕೂರಿಗೆ ಮರಳಿ ಎರಡು ತಿಂಗಳಾಯಿತು. ಹೊರಡುವಾಗ ‘ವಾಪಸು ಯಾವಾಗ ಬರುತ್ತೀಯ?’ ಎಂದು ಮಗಳನ್ನು ಕೇಳಬೇಕೆಂದು ಇಬ್ಬರೂ ಅಂದುಕೊಂಡಿದ್ದೆವು, ಕೇಳುವ ಭಾರವನ್ನು ನಾನು ಅವಳಿಗೂ ಅವಳು ನನಗೂ ಬಿಟ್ಟು, ಕಡೆಗೆ ಯಾರೂ ಕೇಳಲಿಲ್ಲ. ಕೋಳಿಮರಿಯನ್ನು ಮಗಳ ಹಿತ್ತಲಿನಲ್ಲಿಯೇ ಬಿಟ್ಟು ಬಂದೆವು. ನಿನ್ನೆ ಸಂಜೆ ಅವಳಿಂದ ಒಂದು ಫೋಟೊ ಬಂತು, ಅದರ ಕೆಳಗೆ ಒಂದೇ ಸಾಲು: ‘ಅಪ್ಪಾ, ನಿಮ್ಮ ಸಹೋದರ ಇವತ್ತು ಬೆಳಿಗ್ಗೆ ಸಾ ಮೋಜಾಕ್ಕೆ ಮೊದಲನೆಯ ಮೊಟ್ಟೆ ಇಟ್ಟ.’ ಸಾ ಮೋಜಾ ಎಂದರೆ ಏಳು ಗಂಟೆ. ಈ ಸಲ ನಾನು ಸರಿಯಾಗಿ ಲೆಕ್ಕ ಹಾಕಿದೆ.