ಸಾವಯವ ನೀರು, ಸಾದಾ ದರಕ್ಕೆ

ಶಿರಸಿ ಪೇಟೆಯಲ್ಲಿ ಸಾದಾ ಬೆಲ್ಲಕ್ಕೆ ಒಂದು ದರ, ಸಾವಯವ ಬೆಲ್ಲಕ್ಕೆ ಇನ್ನೊಂದು. ಪಕ್ಕದ ನಮ್ಮೂರಿನ ನೀರು ಸರಬರಾಜಿನವರಿಗೆ ಮಾತ್ರ ಈ ದುರಾಸೆಯಿಲ್ಲ. ಸಾವಯವ ನೀರನ್ನು ಸಾದಾ ದರಕ್ಕೇ ಮನೆ ಬಾಗಿಲಿಗೆ ತಲುಪಿಸುತ್ತಾರೆ. ಜೂನಿನ ಮೊದಲ ದೊಡ್ಡ ಮಳೆಗೆ ಬೆಟ್ಟದ ದರಕಿನ, ಅಂದರೆ ಉದುರಿದ ಒಣ ಎಲೆಯ, ರಸವೆಲ್ಲ ಹೊಳೆಗಿಳಿಯುತ್ತದೆ. ನಲ್ಲಿ ತಿರುಗಿಸಿದರೆ ಕಷಾಯ. ಹಾಲು, ಬೆಲ್ಲ ನಾವು ಹಾಕಿಕೊಂಡರಾಯಿತು.

ಒಂದು ಚೊಂಬು ನೀರು ಹಿಡಿದು ಕಚೇರಿಗೆ ಹೋದೆ. ಸಾಹೇಬರು ಚೊಂಬನ್ನೇ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದರು. ಸ್ಟೀಲಿನ ಚೊಂಬು. "ಏನೂ ಕಾಣುವುದಿಲ್ಲವಲ್ಲ ಮಾರಾಯರೇ" ಎಂದರು. ಕುಡಿಯುವ ನೀರಿನ ಬಣ್ಣ, ಅದರ ಅಳತೆಯಾದ ಹೇಜನ್ನಿನಲ್ಲಿ, 5 ದಾಟಬಾರದು, ಬೇರೆ ಗತಿಯಿಲ್ಲದಿದ್ದರೆ 15 ಎಂದು ಭಾರತೀಯ ಮಾನಕ ಹೇಳುತ್ತದೆ ಎಂದೆ. ಹೇಜನ್ ಎಂಬವರು ಯಾವ ವಿಭಾಗದಲ್ಲಿದ್ದಾರೆ ಎಂದು ಕೇಳಿದರು.

ಕೊಳೆತ ಎಲೆಯ ಹ್ಯೂಮಿಕ್ ಆಮ್ಲ ನೀರಿನಲ್ಲಿ ಕರಗಿರುವುದರಿಂದ ಬರಿಯ ಮರಳಿಗೆ ಸಿಗುವುದಿಲ್ಲ. ಆಲಂ, ಅಂದರೆ ಕ್ಷೌರದಂಗಡಿಯ ಪಟಿಕದ ಜಾತಿಯದ್ದು, ಹಾಕಿ ಹದವಾಗಿ ಕಲಕಿ, ಹತ್ತಿಯಂಥ ಗಂಟು ಕಟ್ಟಿಸಿ ತಳಕ್ಕಿಳಿಸಬೇಕು. ಎಷ್ಟು ಹಾಕಬೇಕೆಂದು ತಿಳಿಯಲು ಜಾರ್ ಟೆಸ್ಟ್ ಇದೆ: ಆರು ಗಾಜಿನ ಜಾರು, ಒಂದೊಂದಕ್ಕೆ ಒಂದೊಂದು ಪ್ರಮಾಣ. ಶುದ್ಧೀಕರಣ ಘಟಕದಲ್ಲಿ ನನಗೆ ಎರಡು ಜಾರು ಕಂಡವು. ಒಂದರಲ್ಲಿ ಪೆನ್ನು, ಇನ್ನೊಂದರಲ್ಲಿ ನೀರು ಚಿಮುಕಿಸಿಟ್ಟ ವೀಳ್ಯದೆಲೆ. "ಬೇಸಿಗೆಗೂ ಮಳೆಗಾಲಕ್ಕೂ ಎರಡೇ ಚೀಲ. ಹಿಂದಿನವರು ಬರೆದಿಟ್ಟು ಹೋಗಿದ್ದಾರೆ" ಎಂದು ಅಲ್ಲಿಯವ ಗೋಡೆ ತೋರಿಸಿದ. ನಿಜ, ಪೆನ್ಸಿಲಿನಲ್ಲಿ ಬರೆದಿತ್ತು.

ಬಣ್ಣಕ್ಕೆ ಅವರ ಮದ್ದೇ ಬೇರೆ. ಇನ್ನಷ್ಟು ಬ್ಲೀಚಿಂಗ್ ಪೌಡರ್! ಕ್ಲೋರಿನ್ ಬೇಡವೆಂದಲ್ಲ, ಬೇಧಿ, ಕಾಮಾಲೆಯ ಮುಂದೆ ಅದು ದೇವರು. ಎಲೆರಸ ತೆಗೆದ ಮೇಲೆ ಹಾಕಿ ಎಂಬುದಷ್ಟೇ ತಕರಾರು. ಎರಡೂ ಕೂಡಿದರೆ ಕ್ಲೋರೋಫಾರ್ಮಿನಂಥವು ಹುಟ್ಟುತ್ತವೆಂದು ರಾಟರ್‌ಡ್ಯಾಮಿನ ನೀರು ಸರಬರಾಜಿನ ರಸಾಯನಜ್ಞ ಯೋಹಾನೆಸ್ ರೂಕ್ 1974ರಲ್ಲೇ ತೋರಿಸಿಕೊಟ್ಟಿದ್ದಾರೆ. ಒಂದು ಕಾಲದಲ್ಲಿ ಆಪರೇಷನ್ನಿಗೆ ಮೊದಲು ಮೂಸಿಸುತ್ತಿದ್ದ ಅದೇ ಕ್ಲೋರೋಫಾರ್ಮ್. ನೀರಿನಲ್ಲಿ ಇರುವುದು ಅತ್ಯಲ್ಪ, ಕುಡಿದವರಾರೂ ನಿದ್ದೆ ಹೋಗುವುದಿಲ್ಲ. ನಿದ್ದೆ ಹೋದವರು ಬೇರೆ.

ಉಳಿದದ್ದನ್ನು ಹೀರಲು ಸಕ್ರಿಯ ಇದ್ದಿಲು ಉಂಟು, ಅದಕ್ಕೆ ತೆಂಗಿನ ಕರಟ ಬಲು ಒಳ್ಳೆಯದು. ಕುಮಟಾ, ಹೊನ್ನಾವರದ ಕರಟ ಬಚ್ಚಲ ಒಲೆಯಲ್ಲಿ ಉರಿಯುತ್ತದೆ. ಯಾವುದೋ ಊರಿನ ಕರಟ ಇದ್ದಿಲಾಗಿ, ಸಾವಿರಾರು ರೂಪಾಯಿಯ ಫಿಲ್ಟರಿನೊಳಗೆ ಕುಳಿತು ನಮ್ಮ ಅಡುಗೆಮನೆಗೆ ಬರುತ್ತದೆ.

ವಾರದ ನಂತರ ಮೊಬೈಲಿಗೆ ಸಂದೇಶ: ನಿಮ್ಮ ದೂರು ಇತ್ಯರ್ಥವಾಗಿದೆ. ನೀರು ಬೆಳ್ಳಗೇ ಇತ್ತು, ಈಜುಕೊಳದ ವಾಸನೆಯೊಂದಿಗೆ. ಆಯಿ ಅದರಲ್ಲೇ ಕಷಾಯ ಕಾಸಿ, ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟಳು.

"ತಮಾ, ಮೊದಲಿನ ನೀರನ್ನೇ ಕೊಡುತ್ತಾರೇನು ಕೇಳು. ಅದಕ್ಕಾದರೆ ಪುಡಿ ಕಡಿಮೆ ಸಾಕಾಗುತ್ತಿತ್ತು."