ಹಾಡಿಗೆ ಮುನ್ನ ಹೇಳದೆ ಬಿಟ್ಟ ಕಥೆ

ಮುಂಬೈಯ ಕನ್ನಡ ಸಂಘಗಳಲ್ಲಿಯೂ ಸೊಸೈಟಿಗಳ ಧ್ವಜಾರೋಹಣದಲ್ಲಿಯೂ ಜನವರಿ 26 ಬಂತೆಂದರೆ ‘ಏ ಮೇರೆ ವತನ್ ಕೆ ಲೋಗೋ’ ಹಾಡಲೇಬೇಕು. ಹಾಡಿಗೆ ಮುನ್ನ ನಿರೂಪಕರು ಹೇಳುವ ಕಥೆಯೂ ಒಂದೇ: 1963ರ ಜನವರಿ 27ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಲತಾ ಮಂಗೇಶ್ಕರ್ ಹಾಡಿದರು, ನೆಹರೂ ಅವರ ಕಣ್ಣು ತುಂಬಿಬಂತು. ಕಥೆ ನಿಜವೇ. ಆದರೆ ಅದೊಂದನ್ನೇ ಹೇಳುತ್ತ ಬಂದದ್ದರಿಂದ ಹಾಡು ಬರೆದ ಕವಿ ಪ್ರದೀಪರೂ, ಅವರು ಯಾರಿಗಾಗಿ ಬರೆದರೋ ಆ ಚೀನಾ ಯುದ್ಧದಲ್ಲಿ ಮಡಿದ ಯೋಧರ ಕುಟುಂಬಗಳೂ ಮರೆಗೆ ಸರಿದಿರುವುದು ನನಗೆ ನೋವಿನ ಸಂಗತಿ.

ಮಾಟುಂಗದ ನಮಗೆಲ್ಲ ಹತ್ತಿರವೇ ಇರುವ ಮಾಹಿಮ್ ಕಡಲತೀರದಲ್ಲಿ ಅಡ್ಡಾಡುತ್ತಿದ್ದಾಗ ಪ್ರದೀಪರಿಗೆ ಸಾಲುಗಳು ಹೊಳೆದವಂತೆ. ಕಾಗದವಿಲ್ಲದೆ, ಯಾರಲ್ಲೋ ಪೆನ್ನು ಕೇಳಿ ಪಡೆದು, ಸಿಗರೇಟು ಪ್ಯಾಕಿನ ಒಳಗಿನ ಹಾಳೆಯ ಮೇಲೆ ಬರೆದುಕೊಂಡರಂತೆ. ದೇಶದಲ್ಲಿ ದೀಪಾವಳಿ ನಡೆದಾಗ ಯೋಧರು ಗುಂಡಿಗೆ ಎದೆಯೊಡ್ಡಿದ್ದರು ಎಂಬ ಮಾತು ಅದರಲ್ಲಿದೆ. ಅದು ಬರಿಯ ಕವಿಸಮಯವಲ್ಲ. 1962ರ ಅಕ್ಟೋಬರ್ 20ರಂದು ಚೀನಾದ ದಾಳಿ ಆರಂಭವಾಯಿತು. ಆ ವರ್ಷದ ದೀಪಾವಳಿ ಯುದ್ಧದ ನಡುವೆಯೇ ಬಂತು. ಲಡಾಖಿನ ರೆಜಾಂಗ್ ಲಾ ಕಣಿವೆಮಾರ್ಗದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವ್ ರೆಜಿಮೆಂಟಿನ ಜವಾನರು ಕೊನೆಯವರೆಗೂ ಕಾದಾಡಿದ್ದು ನವೆಂಬರ್ 18ರಂದು.

ಯುದ್ಧಕಾಲದ ಗೀತೆ ಪ್ರದೀಪರಿಗೆ ಹೊಸದೇನಲ್ಲ. 1943ರ ‘ಕಿಸ್ಮತ್’ ಚಿತ್ರಕ್ಕೆ ಹಿಂದೂಸ್ತಾನ ನಮ್ಮದು, ದೂರ ಸರಿಯಿರಿ ಎಂದು ಬರೆದವರೂ ಅವರೇ. ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ತಡೆಯಲಿಲ್ಲ; ಕೇಳಿದ ಜನರಿಗೆ ಮಾತ್ರ ಅದು ಯಾರನ್ನು ಕುರಿತದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಂಧನದ ಭೀತಿಯಿಂದ ಕವಿ ತಲೆಮರೆಸಿಕೊಳ್ಳಬೇಕಾಯಿತು. ಅಂಥವರಿಗೆ 1963ರ ದೆಹಲಿ ಸಮಾರಂಭದ ಆಹ್ವಾನವೇ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಹಣದ ವಿಷಯ. ಈ ಹಾಡಿನ ರಾಯಲ್ಟಿಯನ್ನು ಪ್ರದೀಪರು ಯುದ್ಧದಲ್ಲಿ ಮಡಿದ ಯೋಧರ ಪತ್ನಿಯರ ನಿಧಿಗೆ ಬರೆದುಕೊಟ್ಟಿದ್ದರು. ಬಾಕಿಯ ಬಾಬ್ತು 10 ಲಕ್ಷ ರೂಪಾಯಿಯನ್ನು ಆ ನಿಧಿಗೆ ಕಟ್ಟುವಂತೆ ಧ್ವನಿಮುದ್ರಣ ಕಂಪನಿಗೆ ಬಾಂಬೆ ಹೈಕೋರ್ಟ್ ಆದೇಶಿಸಿದ್ದು 2005ರಲ್ಲಿ. 1998ರಲ್ಲೇ ತೀರಿಕೊಂಡ ಕವಿ ಅದನ್ನು ನೋಡಲಿಲ್ಲ. ಹಾಡು ಕೇಳಿ ನಾಲ್ಕು ದಶಕ ಕಣ್ಣೊರೆಸಿಕೊಂಡ ದೇಶದಲ್ಲಿ, ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದದ್ದಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಈ ಸಲ ಮೈಕ್ ಹಿಡಿಯುವವರಲ್ಲಿ ನನ್ನ ವಿನಂತಿಯಿಷ್ಟೆ: ನೆಹರೂ ಅವರ ಕಣ್ಣೀರಿನ ಜೊತೆಗೆ ಪ್ರದೀಪರ ಹೆಸರನ್ನೂ ಆ ರಾಯಲ್ಟಿಯ ಕಥೆಯನ್ನೂ ಹೇಳಿ. ಸಂಘದ ಪದಾಧಿಕಾರಿಗಳು ಒಪ್ಪುವುದಾದರೆ, ಅಂದಿನ ದೇಣಿಗೆಯಲ್ಲಿ ಒಂದು ಪಾಲನ್ನು ಹುತಾತ್ಮ ಯೋಧರ ಪತ್ನಿಯರಿಗಾಗಿ ಕಳಿಸೋಣ; ಮೊದಲ ಪಾಲು ನನ್ನದಿರಲಿ.